ಲ್ಯಾಪರೋಸ್ಕೋಪಿ ಆಯ್ತು, ಫೈಲ್ ಕೈಗೆ ಬಂತು: ಎಂಡೋಮೆಟ್ರಿಯೋಸಿಸ್ ವರದಿಯನ್ನು ಓದುವುದು ಹೇಗೆ?

ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್, ಮುಗಿಸಿ ಹೊರಗೆ ಬಂದ ಡಾಕ್ಟರು ಒಳಗೆ ಏನು ಕಂಡಿತು ಎಂದು ಹೇಳುವ ಹೊತ್ತಿಗೆ ನೀವು ಅರ್ಧ ನಿದ್ದೆಯಲ್ಲಿರುತ್ತೀರಿ. ಅದನ್ನು ಕೇಳಿಸಿಕೊಳ್ಳುವವರು ಓಟಿ ಬಾಗಿಲ ಬಳಿ ನಿಂತ ಅಮ್ಮ, ಇಲ್ಲವೇ ಗಂಡ. ಅವರ ತಲೆಯಲ್ಲಿ ಉಳಿಯುವುದು ಎರಡೇ ಎರಡು ಮಾತು: "ಎಂತದೋ ಅಂಟಿಕೊಂಡಿತ್ತಂತೆ, ಬಿಡಿಸಿದ್ದಾರಂತೆ." ಉಳಿದದ್ದೆಲ್ಲ ಫೈಲಿನಲ್ಲಿರುತ್ತದೆ. ಅದು ಇಂಗ್ಲಿಷಿನಲ್ಲಿ, ಅದರಲ್ಲೂ ಅರ್ಧಕ್ಕರ್ಧ ಚುಟುಕು ಅಕ್ಷರಗಳಲ್ಲಿ.

ಸ್ತ್ರೀರೋಗ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು ನಾನು. ಈ ಫೈಲನ್ನು ಹಿಡಿದುಕೊಂಡು "ಸಿಸ್ಟರೇ, ಇದರಲ್ಲಿ ಎಂತ ಬರ್ದಿದೆ?" ಎಂದು ಕೇಳಿದವರು ಲೆಕ್ಕವಿಲ್ಲ. ಅವರಿಗೆ ಹೇಳುತ್ತಿದ್ದದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ವರದಿಯಿಂದ ನಿಮಗೆ ಸಿಗಬೇಕಾದದ್ದು ಮೂರು ಉತ್ತರ. ಏನು ಕಂಡಿತು? ಏನು ತೆಗೆದರು? ಏನು ಬಿಟ್ಟರು? ಮೊದಲ ಎರಡನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಆದರೆ ಮುಂದಿನ ಚಿಕಿತ್ಸೆ ನಿಂತಿರುವುದು ಜಾಸ್ತಿ ಅದರ ಮೇಲೆಯೇ.

ಕಾಯಿಲೆ ಬಗ್ಗೆ ಒಂದೆರಡು ಮಾತು. ಗರ್ಭಕೋಶದ ಒಳಗೋಡೆಯನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದೇ ಎಂಡೋಮೆಟ್ರಿಯೋಸಿಸ್. ಮುಟ್ಟಾಗುವ ವಯಸ್ಸಿನ ಹತ್ತರಲ್ಲಿ ಒಬ್ಬ ಹೆಣ್ಣಿಗೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದು ಕ್ಯಾನ್ಸರ್ ಅಲ್ಲ. ಅಂಟುರೋಗವೂ ಅಲ್ಲ.

ಹಂತ 1: ಕಾಗದಗಳನ್ನು ಒಟ್ಟುಮಾಡಿ

ಮನೆಗೆ ಕಳಿಸುವಾಗ ಕೊಡುವುದು ಡಿಸ್ಚಾರ್ಜ್ ಸಮ್ಮರಿ. ಅದು ಸಾರಾಂಶ ಮಾತ್ರ. "ಲ್ಯಾಪರೋಸ್ಕೋಪಿಕ್ ಸಿಸ್ಟೆಕ್ಟಮಿ ಆಯಿತು, ರೋಗಿ ಚೆನ್ನಾಗಿದ್ದಾರೆ" ಎಂಬಷ್ಟರಲ್ಲಿ ಮುಗಿದುಹೋಗಬಹುದು. ನಿಮಗೆ ಬೇಕಾದದ್ದು ಇನ್ನೂ ಮೂರು:

- ಆಪರೇಷನ್ ನೋಟ್. ಸರ್ಜನ್ ಒಳಗೆ ಕಂಡದ್ದನ್ನು, ಮಾಡಿದ್ದನ್ನು ಬರೆದಿಟ್ಟ ಹಾಳೆ.
- ಬಯಾಪ್ಸಿ ವರದಿ. ಒಳಗಿಂದ ತೆಗೆದ ಚೂರನ್ನು ಮೈಕ್ರೋಸ್ಕೋಪಿನಡಿ ನೋಡಿ ಬರೆದದ್ದು. ಇದು ಡಿಸ್ಚಾರ್ಜ್ ದಿನ ಸಿಗುವುದು ಅಪರೂಪ, ಆಮೇಲೆ ಬರುತ್ತದೆ.
- ಒಳಗಿನ ಫೋಟೋ ಅಥವಾ ವಿಡಿಯೋ. ಎಲ್ಲ ಕಡೆ ರೆಕಾರ್ಡ್ ಮಾಡುವುದಿಲ್ಲ. ಮಾಡಿದ್ದರೆ ಪೆನ್‌ಡ್ರೈವ್ ಕೊಟ್ಟು ಹಾಕಿಸಿಕೊಳ್ಳಿ.

ಆಪರೇಷನ್ ನೋಟ್ ಕೇಳಲು ಮುಜುಗರಪಡಬೇಡಿ. ಡಾಕ್ಟರುಗಳ ವೃತ್ತಿ ನಡವಳಿಕೆಗೆ ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಮಾಡಿದ ನಿಯಮದ ಪ್ರಕಾರ, ರೋಗಿಯಾಗಲಿ ಆಕೆ ಒಪ್ಪಿಗೆ ಕೊಟ್ಟವರಾಗಲಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅದೇ ನಿಯಮ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಇಟ್ಟುಕೊಳ್ಳಬೇಕು ಎನ್ನುತ್ತದೆ. ಮಂಗಳೂರಿನ ಲೇಡಿಗೋಷನ್‌ನಂಥ ಸರ್ಕಾರಿ ಆಸ್ಪತ್ರೆಯಾಗಲಿ, ಮಣಿಪಾಲ, ಕಂಕನಾಡಿ, ದೇರಳಕಟ್ಟೆ ಕಡೆಯ ಮೆಡಿಕಲ್ ಕಾಲೇಜು ಆಸ್ಪತ್ರೆಯಾಗಲಿ, ಕೇಳುವ ರೀತಿ ಒಂದೇ. ದಾಖಲೆ ವಿಭಾಗಕ್ಕೆ ಹೋಗಿ, ಆಸ್ಪತ್ರೆ ನಂಬರ್ ಹೇಳಿ, ಒಂದು ಅರ್ಜಿ ಬರೆದುಕೊಡಿ. ಕುಂದಾಪುರದಿಂದಲೋ ಕಾರ್ಕಳದಿಂದಲೋ ಬರುವವರು ಹೊಲಿಗೆ ತೋರಿಸಲು ಬಂದ ದಿನವೇ ಈ ಕೆಲಸ ಮುಗಿಸಿಕೊಂಡರೆ ಇನ್ನೊಂದು ಸಲ ಬಸ್ ಹತ್ತುವುದು ತಪ್ಪುತ್ತದೆ.

ಹಳೆಯ ಸ್ಕ್ಯಾನ್, ಎಂಆರ್‌ಐ ಕೂಡ ಇದೇ ಫೈಲಿಗೆ ಸೇರಿಸಿ. ಮುಂದೆ ಹೋಲಿಸಿ ನೋಡಲು ಅವು ಬೇಕು.

ಹಂತ 2: ಆಪರೇಷನ್ನಿನ ಹೆಸರು ನೋಡಿ

ನೋಟಿನ ಮೇಲ್ಭಾಗದಲ್ಲಿ "ಡಯಾಗ್ನಾಸ್ಟಿಕ್" ಎಂದಿದ್ದರೆ ನೋಡಿದ್ದಾರೆ ಅಷ್ಟೇ. ಹೆಚ್ಚೆಂದರೆ ಒಂದು ಚೂರು ಬಯಾಪ್ಸಿಗೆ ತೆಗೆದಿರಬಹುದು. "ಆಪರೇಟಿವ್" ಎಂದಿದ್ದರೆ ಚಿಕಿತ್ಸೆಯೂ ಆಗಿದೆ. ಇದು ಗೊತ್ತಿಲ್ಲದೆ "ಆಪರೇಷನ್ ಆದ್ರೂ ನೋವು ಹೋಗ್ಲಿಲ್ಲ" ಎಂದು ಬೇಸರಪಟ್ಟುಕೊಂಡವರನ್ನು ನೋಡಿದ್ದೇನೆ. ಅವರಿಗೆ ನಿಜಕ್ಕೂ ಆಗಿದ್ದದ್ದು ಬರೀ ನೋಟ.

ಜೊತೆಗೆ ಬರುವ ಹೆಸರುಗಳು ಇವು. ಸಿಸ್ಟೆಕ್ಟಮಿ ಎಂದರೆ ಅಂಡಾಶಯದಿಂದ ಸಿಸ್ಟಿನ (ದ್ರವ ತುಂಬಿದ ಚೀಲದ) ಗೋಡೆಯನ್ನು ಸುಲಿದು ತೆಗೆದದ್ದು. ಅಡೀಸಿಯೋಲೈಸಿಸ್ ಎಂದರೆ ಅಂಗಗಳನ್ನು ಒಂದಕ್ಕೊಂದು ಹಿಡಿದಿಟ್ಟ ಅಂಟುಗಳನ್ನು ಬಿಡಿಸಿದ್ದು. ಎಕ್ಸಿಶನ್ ಎಂದರೆ ಕತ್ತರಿಸಿ ತೆಗೆದದ್ದು. ಫಲ್ಗರೇಶನ್, ಅಬ್ಲೇಶನ್ ಎಂದರೆ ಮೇಲಿನಿಂದ ಸುಟ್ಟದ್ದು. ಯುರೆಟರೋಲೈಸಿಸ್ ಎಂದರೆ ಮೂತ್ರನಾಳವನ್ನು (ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಕೊಳವೆ) ಅಂಟಿನಿಂದ ಬಿಡಿಸಿಕೊಂಡದ್ದು. ಕ್ರೋಮೋಪರ್ಟುಬೇಶನ್ ಎಂದರೆ ನೀಲಿ ಬಣ್ಣದ ದ್ರವ ಹಾಯಿಸಿ ಗರ್ಭನಾಳ ತೆರೆದಿದೆಯೇ ಎಂದು ನೋಡಿದ್ದು.

ಹಂತ 3: ಒಳಗೆ ಕಂಡದ್ದನ್ನು ಜಾಗ ಹಿಡಿದು ಓದಿ

ವರದಿಯ ತಿರುಳು ಇದೇ. ಗಡಿಬಿಡಿ ಬೇಡ. ಹಾಳೆಯ ಬದಿಯಲ್ಲಿ ಒಂದು ಗರ್ಭಕೋಶ, ಎರಡು ಅಂಡಾಶಯ, ಹಿಂದೆ ಗುದನಾಳ, ಮುಂದೆ ಮೂತ್ರಕೋಶ ಬರೆದುಕೊಳ್ಳಿ. ಚಿತ್ರ ಚೆಂದ ಇರಬೇಕೆಂದೇನೂ ಇಲ್ಲ. ಒಂದೊಂದು ಸಾಲು ಓದುತ್ತ ಗುರುತು ಹಾಕುತ್ತ ಹೋಗಿ.

*ಪಿಒಡಿ.* ಪೂರ್ತಿ ಹೆಸರು ಪೌಚ್ ಆಫ್ ಡಗ್ಲಸ್. ಗರ್ಭಕೋಶಕ್ಕೂ ಗುದನಾಳಕ್ಕೂ ನಡುವಿನ ಗುಂಡಿ. ಹೊಟ್ಟೆಯ ಒಳಗಿನ ಅತಿ ತಗ್ಗಿನ ಜಾಗ ಇದು, ಹಾಗಾಗಿ ಕಾಯಿಲೆ ಇಲ್ಲಿ ಜಾಸ್ತಿ ಕಾಣಿಸುತ್ತದೆ. "ಫ್ರೀ" ಎಂದಿದ್ದರೆ ಗುಂಡಿ ತೆರೆದಿದೆ. "ಪಾರ್ಶಿಯಲಿ ಆಬ್ಲಿಟರೇಟೆಡ್" ಎಂದರೆ ಸ್ವಲ್ಪ ಭಾಗ ಅಂಟಿ ಮುಚ್ಚಿದೆ. "ಕಂಪ್ಲೀಟ್" ಎಂದಿದ್ದರೆ ಗುದನಾಳ ಬಂದು ಗರ್ಭಕೋಶದ ಹಿಂಬದಿಗೆ ಪೂರ್ತಿ ಅಂಟಿದೆ. ಮುಟ್ಟಿನ ದಿನ ಸಂಡಾಸಿಗೆ ಹೋಗುವಾಗ ಅಥವಾ ಗಂಡನ ಜೊತೆ ಸೇರುವಾಗ ಆಳದಲ್ಲಿ ನೋವು ಬರುತ್ತಿದ್ದರೆ ಈ ಸಾಲಿಗೆ ಅಡಿಗೆರೆ ಎಳೆಯಿರಿ.

*ಯುಎಸ್‌ಎಲ್.* ಯುಟೆರೋಸೇಕ್ರಲ್ ಲಿಗಮೆಂಟ್. ಗರ್ಭಕೋಶದ ಕೆಳಭಾಗವನ್ನು ಬೆನ್ನುಮೂಳೆಯ ತುದಿಯ ಕಡೆಗೆ ಹಿಡಿದಿಡುವ ಎರಡು ಪಟ್ಟಿಗಳು. ಇವು ದಪ್ಪಗಾಗಿವೆ, ಗಂಟುಗಟ್ಟಿವೆ ಎಂದು ಬರೆದಿದ್ದರೆ ಆಳದ ಕಾಯಿಲೆಯ ಸೂಚನೆ. ಸೊಂಟದ ನೋವಿಗೂ ಇದು ಕಾರಣವಾಗಬಹುದು.

*ಅಂಡಾಶಯ.* ಇಲ್ಲಿ ಕಾಣುವ ಸಿಸ್ಟಿಗೆ ಎಂಡೋಮೆಟ್ರಿಯೋಮಾ ಎಂದು ಹೆಸರು. ಬಾಯಿಮಾತಿನಲ್ಲಿ ಚಾಕ್ಲೇಟ್ ಸಿಸ್ಟ್. ಒಳಗಿರುವುದು ಹಳೆಯ ರಕ್ತ. ತೆರೆದಾಗ ನಮ್ಮ ಜೋನಿಬೆಲ್ಲದ ಹಾಗೆ ಮಂದವಾಗಿ, ಕಂದಾಗಿ ಇಳಿದುಬರುತ್ತದೆ. ಎಡವೋ ಬಲವೋ, ಎಷ್ಟು ಸೆಂಟಿಮೀಟರ್, ಒಂದೋ ಹಲವೋ ನೋಡಿಕೊಳ್ಳಿ. "ಕಿಸ್ಸಿಂಗ್ ಓವರೀಸ್" ಎಂದಿದ್ದರೆ ಎರಡೂ ಅಂಡಾಶಯ ಗರ್ಭಕೋಶದ ಹಿಂದೆ ಎಳೆದುಕೊಂಡು ಒಂದಕ್ಕೊಂದು ಅಂಟಿವೆ ಎಂದರ್ಥ. ಹೆಸರು ತಮಾಷೆಯಾಗಿದೆ, ಕಾಯಿಲೆ ಮಾತ್ರ ಸಾಕಷ್ಟು ಮುಂದುವರಿದಿದೆ.

*ಪೆರಿಟೋನಿಯಂ.* ಹೊಟ್ಟೆಯ ಒಳಪದರ. ಇದರ ಮೇಲಿನ ಚುಕ್ಕೆಗಳಿಗೆ ಬಣ್ಣ ಬರೆಯುತ್ತಾರೆ: ಕಪ್ಪು, ಕೆಂಪು, ಬಿಳಿ, ನೀರಿನ ಗುಳ್ಳೆಯಂತೆ ತಿಳಿ. "ಪೌಡರ್ ಬರ್ನ್" ಎಂದು ಬರೆಯುವುದು ಕಪ್ಪು-ನೀಲಿ ಚುಕ್ಕೆಗೆ. ಬಿಳಿಯದು ಸಾಮಾನ್ಯವಾಗಿ ಕಲೆಗಟ್ಟಿದ ಹಳೆಯದು. ಬಣ್ಣ ನೋಡಿ ನೋವು ಅಳೆಯಲು ಹೋಗಬೇಡಿ.

*ಉಳಿದ ಜಾಗಗಳು.* ಗರ್ಭನಾಳ, ಮೂತ್ರಕೋಶದ ಮೇಲ್ಪದರ, ಮೂತ್ರನಾಳ, ಅಪೆಂಡಿಕ್ಸ್, ದೊಡ್ಡ ಕರುಳು, ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರ, ಡಯಾಫ್ರಮ್). ಈ ಜಾಗಗಳ ಹೆಸರು ವರದಿಯಲ್ಲಿ ಇಲ್ಲವೇ ಇಲ್ಲ ಎಂದಾದರೆ "ಅಲ್ಲಿ ಏನೂ ಇಲ್ಲ" ಎಂದು ತಿಳಿದುಕೊಳ್ಳಬೇಡಿ. ನೋಡಿದ್ದಾರೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ನೋಡಿ ಸರಿ ಇದ್ದರೆ "ನಾರ್ಮಲ್" ಎಂದು ಬರೆಯುವುದು ಒಳ್ಳೆಯ ಸರ್ಜನ್‌ಗಳ ರೂಢಿ.

"ಫ್ರೋಜನ್ ಪೆಲ್ವಿಸ್" ಎಂಬ ಮಾತು ಕಂಡರೆ ಕಿಬ್ಬೊಟ್ಟೆಯ ಅಂಗಗಳೆಲ್ಲ ಒಂದಕ್ಕೊಂದು ಬಿಗಿಯಾಗಿ ಅಂಟಿ ಅಲುಗಾಡದ ಸ್ಥಿತಿ. ಇಂಥ ಕಡೆ ಸರ್ಜನ್ ಅರ್ಧಕ್ಕೆ ನಿಲ್ಲಿಸಿದ್ದರೆ ಅದನ್ನು ಸೋಲು ಎಂದುಕೊಳ್ಳಬೇಡಿ. ಕರುಳಿನ ಸರ್ಜನ್ ಜೊತೆಗಿಲ್ಲದೆ, ರೋಗಿಯ ಒಪ್ಪಿಗೆಯೂ ಇಲ್ಲದೆ ಕರುಳಿಗೆ ಕೈ ಹಾಕದಿರುವುದು ಜಾಣತನ.

ಒಂದು ಮಾದರಿ ನೋಟ್, ಸಾಲು ಸಾಲಾಗಿ

ಲೆಕ್ಕ ತೋರಿಸಲೆಂದು ನಾನೇ ಒಂದು ನೋಟ್ ಕಟ್ಟಿದ್ದೇನೆ. ಯಾರದ್ದೂ ಅಲ್ಲ.

"ಗರ್ಭಕೋಶ ಸಾಮಾನ್ಯ ಗಾತ್ರ. ಎಡ ಅಂಡಾಶಯದಲ್ಲಿ 4 ಸೆಂ.ಮೀ. ಎಂಡೋಮೆಟ್ರಿಯೋಮಾ, ಪಕ್ಕದ ಗೋಡೆಗೆ ದಟ್ಟ ಅಂಟು, ಅಂಡಾಶಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಬಲ ಅಂಡಾಶಯ ನಾರ್ಮಲ್. ಪಿಒಡಿ ಭಾಗಶಃ ಮುಚ್ಚಿದೆ. ಪೆರಿಟೋನಿಯಂ ಮೇಲೆ 2 ಸೆಂ.ಮೀ. ಮೇಲ್ಮೈ ಚುಕ್ಕೆಗಳು. ಎರಡೂ ಕಡೆ ಬಣ್ಣ ಹೊರಬಂತು. ಎಡ ಸಿಸ್ಟೆಕ್ಟಮಿ, ಅಂಟು ಬಿಡಿಸಿದೆ, ಚುಕ್ಕೆಗಳನ್ನು ಸುಟ್ಟಿದೆ."

ಓದಿದರೆ ಏನು ಸಿಕ್ಕಿತು? ಕಾಯಿಲೆ ಹೆಚ್ಚಾಗಿ ಎಡಗಡೆ. ಬಲ ಅಂಡಾಶಯ ಪೂರ್ತಿ ಚೆನ್ನಾಗಿದೆ. ಎರಡೂ ನಾಳ ತೆರೆದಿವೆ, ಮಗು ಬೇಕೆನ್ನುವವರಿಗೆ ಇದು ದೊಡ್ಡ ಸಮಾಧಾನ. ಚುಕ್ಕೆಗಳನ್ನು ಸುಟ್ಟಿದ್ದಾರೆ, ಕತ್ತರಿಸಿಲ್ಲ, ಅಂದಮೇಲೆ ಅವುಗಳ ಬಯಾಪ್ಸಿ ಇರುವುದಿಲ್ಲ. ಪಿಒಡಿ ಅಂಟನ್ನು ಬಿಡಿಸಿದರೋ, ಅಂಡಾಶಯದ್ದನ್ನು ಮಾತ್ರವೋ? ನೋಟ್ ಹೇಳುತ್ತಿಲ್ಲ. ಕರುಳು, ಅಪೆಂಡಿಕ್ಸ್, ವಪೆ ಬಗ್ಗೆಯೂ ಸುದ್ದಿಯಿಲ್ಲ. ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ ಅಲ್ವಾ?

ಹಂತ 4: ಸ್ಟೇಜ್ ನೋಡಿ, ಆದರೆ ಅಲ್ಲೇ ನಿಲ್ಲಬೇಡಿ

ವಾರ್ಡಿನಲ್ಲಿ ಒಬ್ಬ ತಾಯಿ ನನ್ನ ಕೈ ಹಿಡಿದು ಕೇಳಿದ್ದರು. "ಸಿಸ್ಟರೇ, ನಾಲ್ಕನೇ ಸ್ಟೇಜ್ ಅಂತ ಬರ್ದಿದ್ದಾರೆ. ಮಗಳಿಗೆ ಇನ್ನೆಷ್ಟು ಸಮಯ ಉಂಟು?" ಕ್ಯಾನ್ಸರಿನ ಸ್ಟೇಜಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಹೇಳಿದ ಮೇಲೆಯೂ ಅವರ ಕೈ ನಡುಗುತ್ತಲೇ ಇತ್ತು. ಈ ಒಂದು ಪದ ಎಷ್ಟು ಮನೆಗಳ ನಿದ್ದೆ ಕೆಡಿಸಿದೆಯೋ.

ಸ್ಟೇಜ್ ಬರುವುದು ಅಂಕಗಳಿಂದ. ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಸಂತಾನ ವೈದ್ಯರ ಸಂಘ 1996ರಲ್ಲಿ ಪರಿಷ್ಕರಿಸಿದ ಪಟ್ಟಿ. ವರದಿಯಲ್ಲಿ ಎಎಸ್‌ಆರ್‌ಎಂ ಎಂದಿರುತ್ತದೆ. 1ರಿಂದ 5 ಅಂಕ ಬಂದರೆ ಒಂದನೇ ಸ್ಟೇಜ್. 6ರಿಂದ 15 ಎರಡನೆಯದು. 16ರಿಂದ 40 ಮೂರನೆಯದು. 40 ದಾಟಿದರೆ ನಾಲ್ಕು.

ನಮ್ಮ ಮಾದರಿ ನೋಟಿಗೆ ಅಂಕ ಹಾಕೋಣ. ಅಂಡಾಶಯದೊಳಗಿನ ಸಿಸ್ಟ್ 3 ಸೆಂಟಿಮೀಟರ್ ದಾಟಿದೆ, 20 ಅಂಕ. ದಟ್ಟ ಅಂಟು ಮೂರನೇ ಒಂದಕ್ಕಿಂತ ಕಡಿಮೆ, 4. ಪಿಒಡಿ ಭಾಗಶಃ ಮುಚ್ಚಿದೆ, 4. ಪೆರಿಟೋನಿಯಂ ಮೇಲ್ಮೈ ಚುಕ್ಕೆ 1ರಿಂದ 3 ಸೆಂಟಿಮೀಟರ್ ಒಳಗೆ, 2. ಒಟ್ಟು 30. ಮೂರನೇ ಸ್ಟೇಜ್.

ಈಗ ಗಮನಿಸಿ. ಆ ಸಿಸ್ಟ್ ಒಂದೇ ಇದ್ದಿದ್ದರೂ 20 ಅಂಕ, ಅಂದರೆ ಆಗಲೂ ಮೂರನೇ ಸ್ಟೇಜೇ. ನೋವೇ ಇಲ್ಲದೆ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಸಿಸ್ಟ್ ಕಂಡವರೂ ಇದರಲ್ಲಿ ಬರುತ್ತಾರೆ. ಪಿಒಡಿ ಭಾಗಶಃ ಮುಚ್ಚಿದ್ದರೆ 4, ಪೂರ್ತಿ ಮುಚ್ಚಿದ್ದರೆ ಒಮ್ಮೆಲೇ 40. ಇನ್ನೊಂದು ಕಡೆ, ಮೇಲ್ಮೈಯಲ್ಲಿ ನಾಲ್ಕು ಚುಕ್ಕೆ ಮಾತ್ರ ಇರುವ ಹುಡುಗಿಗೆ ಸಿಗುವುದು ಎರಡೋ ಮೂರೋ ಅಂಕ. ಅವಳು ಪ್ರತಿ ತಿಂಗಳು ಕಾಲೇಜು ಬಿಟ್ಟು ಮಂಚ ಹಿಡಿದವಳಾಗಿರಬಹುದು. ಸ್ಟೇಜಿಗೂ ನೋವಿಗೂ ತಾಳೆಯಾಗುವುದಿಲ್ಲ. "ಒಂದನೇ ಸ್ಟೇಜ್ ಅಲ್ವಾ, ಅದಕ್ಕೆ ಇಷ್ಟು ನೋವು ಎಂತಕ್ಕೆ?" ಎಂದು ಯಾರಾದರೂ ಕೇಳಿದರೆ ಈ ಲೆಕ್ಕ ತೋರಿಸಿ. ಕರುಳಿನ ಆಳದ ಕಾಯಿಲೆಯನ್ನೂ ಈ ಪಟ್ಟಿ ಸರಿಯಾಗಿ ಅಳೆಯುವುದಿಲ್ಲ.

ಅದಕ್ಕಾಗಿಯೇ ಬಂದದ್ದು ಎನ್ಜಿಯಾನ್ ಎಂಬ ಇನ್ನೊಂದು ಪದ್ಧತಿ. 2021ರ ಹೊಸ ರೂಪದಲ್ಲಿ ಜಾಗಕ್ಕೊಂದು ಅಕ್ಷರ ಇರುತ್ತದೆ. ಪಿ ಪೆರಿಟೋನಿಯಂ, ಓ ಅಂಡಾಶಯ, ಟಿ ನಾಳ ಮತ್ತು ಅಂಡಾಶಯದ ಅಂಟು. ಎ ಯೋನಿಗೂ ಗುದನಾಳಕ್ಕೂ ನಡುವಿನ ಭಾಗ, ಬಿ ಯುಎಸ್‌ಎಲ್ ಮತ್ತು ಪಕ್ಕದ ಗೋಡೆ, ಸಿ ಗುದನಾಳ. ಎಫ್ ಎಂದು ಶುರುವಾದರೆ ಮೂತ್ರಕೋಶ, ಮೂತ್ರನಾಳ, ಮೇಲಿನ ಕರುಳು ಮುಂತಾದ ಬೇರೆ ಜಾಗಗಳು. ಎ, ಬಿ, ಸಿ ಮುಂದಿನ ಅಂಕಿ 1 ಇದ್ದರೆ 1 ಸೆಂಟಿಮೀಟರಿಗಿಂತ ಚಿಕ್ಕದು, 2 ಇದ್ದರೆ 1ರಿಂದ 3, 3 ಇದ್ದರೆ ಅದಕ್ಕಿಂತ ದೊಡ್ಡದು. ಓರೆಗೆರೆ ಹಾಕಿ ಎರಡು ಅಂಕಿ ಬರೆದಿದ್ದರೆ ಮೊದಲನೆಯದು ಎಡಗಡೆ. ನಿಮ್ಮ ವರದಿಯಲ್ಲಿ ಇದು ಇದ್ದರೆ ಸ್ಟೇಜಿಗಿಂತ ಇದನ್ನೇ ನಂಬಿ ಎನ್ನುತ್ತೇನೆ. ಎಲ್ಲಿ, ಎಷ್ಟು ಎಂಬುದು ಇದರಲ್ಲೇ ಸಿಗುತ್ತದೆ.

ಹಂತ 5: ಏನು ತೆಗೆದರು, ಏನು ಬಿಟ್ಟರು

ಕಂಡದ್ದರ ಪಟ್ಟಿ ಒಂದು ಬದಿ, ಮಾಡಿದ್ದರ ಪಟ್ಟಿ ಇನ್ನೊಂದು ಬದಿ ಇಟ್ಟುಕೊಂಡು ಒಂದೊಂದಾಗಿ ಗೀಟು ಎಳೆಯಿರಿ. ಗೀಟು ಬೀಳದೆ ಉಳಿದದ್ದೇ ಒಳಗೆ ಉಳಿದದ್ದು.

ಉಳಿಸುವುದಕ್ಕೆ ಸರಿಯಾದ ಕಾರಣಗಳಿರುತ್ತವೆ. ಮೂತ್ರನಾಳದ ಮೇಲೆಯೇ ಕಾಯಿಲೆ ಕೂತಿರಬಹುದು. ಕರುಳಿನ ಗೋಡೆ ತೆಗೆಯಬೇಕಾಗಿರಬಹುದು. ಅಂಡಾಶಯದಲ್ಲಿ ಮೊಟ್ಟೆಗಳು ಕಮ್ಮಿ ಇದ್ದು, ಸುಲಿದರೆ ಇನ್ನಷ್ಟು ಹೋಗುತ್ತವೆ ಎಂದು ಬಿಟ್ಟಿರಬಹುದು. ಕಾರಣ ಗೊತ್ತಿದ್ದರೆ ಮುಂದೆ ನೋವು ಬಂದಾಗ ಗಾಬರಿಯಾಗುವುದಿಲ್ಲ.

ಸಿಸ್ಟಿನ ವಿಚಾರದಲ್ಲಿ ಒಂದು ಸೂಕ್ಷ್ಮ ಇದೆ. "ಡ್ರೇನ್ಡ್" ಅಥವಾ "ಆಸ್ಪಿರೇಟೆಡ್" ಎಂದು ಮಾತ್ರ ಇದ್ದರೆ ಒಳಗಿನ ದ್ರವ ಹೀರಿದ್ದಾರೆ, ಗೋಡೆ ಅಲ್ಲೇ ಇದೆ. ಹಾಗಿದ್ದಾಗ ಸಿಸ್ಟ್ ಮತ್ತೆ ತುಂಬಿಕೊಳ್ಳುವುದು ಜಾಸ್ತಿ. ಗೋಡೆ ಸುಲಿದು ತೆಗೆದರೆ ಮರಳುವುದು ಕಡಿಮೆ, ಆದರೆ ಜೊತೆಗೆ ಒಂದಿಷ್ಟು ಒಳ್ಳೆಯ ಅಂಡಾಶಯವೂ ಹೋಗುತ್ತದೆ. ಅಂಡಾಶಯದ ಶಕ್ತಿ ಅಳೆಯುವ ಎಎಂಎಚ್ ರಕ್ತಪರೀಕ್ಷೆ ಆಮೇಲೆ ಇಳಿದಿರುವುದು ಇದಕ್ಕೇ. ಆಪರೇಷನ್ ಆದ ಕೂಡಲೇ ಮಾಡಿಸಿ ಕಂಗಾಲಾಗಬೇಡಿ. ಕೆಲವು ತಿಂಗಳಲ್ಲಿ ಅದು ಸ್ವಲ್ಪ ಮೇಲೇರಬಹುದು. ಯಾವಾಗ ಮಾಡಿಸಬೇಕೆಂದು ಡಾಕ್ಟರನ್ನೇ ಕೇಳಿ.

ಹಂತ 6: ಬಯಾಪ್ಸಿ ವರದಿ

ಮೈಕ್ರೋಸ್ಕೋಪಿನಡಿ ಹುಡುಕುವುದು ಗರ್ಭಕೋಶದ ಒಳಪದರದಂಥ ಗ್ರಂಥಿಗಳನ್ನು ಮತ್ತು ಅವುಗಳ ಸುತ್ತಲಿನ ಸ್ಟ್ರೋಮಾ ಎಂಬ ಅಂಗಾಂಶವನ್ನು. ಎರಡೂ ಕಂಡರೆ ಖಚಿತ. "ಹೀಮೋಸಿಡರಿನ್ ಲೇಡನ್ ಮ್ಯಾಕ್ರೋಫೇಜ್" ಎಂದರೆ ಹಳೆಯ ರಕ್ತವನ್ನು ನುಂಗಿದ ಕಣಗಳು, ಅಲ್ಲಿ ರಕ್ತ ಸೋರಿದ್ದಕ್ಕೆ ಸಾಕ್ಷಿ. "ನೋ ಅಟಿಪಿಯಾ", "ನೋ ಎವಿಡೆನ್ಸ್ ಆಫ್ ಮ್ಯಾಲಿಗ್ನನ್ಸಿ" ಎಂಬ ಸಾಲು ಹುಡುಕಿ. ಕಣಗಳಲ್ಲಿ ಅಸಹಜತೆ ಇಲ್ಲ, ಕ್ಯಾನ್ಸರಿನ ಗುರುತಿಲ್ಲ ಎಂದರ್ಥ. ಮನೆಯವರಿಗೆ ಮೊದಲು ಓದಿ ಹೇಳಬೇಕಾದದ್ದು ಅದನ್ನೇ. ಎಂಡೋಮೆಟ್ರಿಯೋಸಿಸ್ ಇದ್ದವರಲ್ಲಿ ಅಂಡಾಶಯದ ಕ್ಯಾನ್ಸರ್ ಉಳಿದವರಿಗಿಂತ ಸ್ವಲ್ಪ ಜಾಸ್ತಿ ಎಂಬುದು ನಿಜ, ಆದರೆ ಬಹುಪಾಲು ಹೆಂಗಸರಿಗೆ ಅದು ಬರುವುದೇ ಇಲ್ಲ.

ಬಯಾಪ್ಸಿ "ನೆಗೆಟಿವ್" ಬಂದರೆ? ಕಾಯಿಲೆ ಇಲ್ಲವೇ ಇಲ್ಲ ಎಂದಾಗುವುದಿಲ್ಲ. ಯುರೋಪಿನ ತಜ್ಞರ ಸಂಘ ಎಶ್ರೆ 2022ರಲ್ಲಿ ಹೊರತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ತೆಗೆದ ಚೂರು ಚಿಕ್ಕದಿರಬಹುದು. ಶಾಖ ತಾಗಿ ಸುಟ್ಟಿದ್ದರೆ ಮೈಕ್ರೋಸ್ಕೋಪಿನಲ್ಲಿ ಓದಲಾಗುವುದಿಲ್ಲ. ಸರ್ಜನ್ ಕಣ್ಣಿಗೆ ಕಂಡದ್ದು, ಸ್ಕ್ಯಾನ್, ನಿಮ್ಮ ನೋವಿನ ಕಥೆ ಎಲ್ಲ ಸೇರಿಸಿ ನೋಡಬೇಕು.

ಲ್ಯಾಪರೋಸ್ಕೋಪಿಯಲ್ಲೇ ಏನೂ ಕಾಣದಿದ್ದವರ ಪಾಡು ಇನ್ನೂ ಕಷ್ಟ. "ಎಂತದೂ ಇಲ್ಲ, ಎಲ್ಲ ಮನಸ್ಸಿಂದು" ಎಂದು ಮನೆಯಲ್ಲಿ ಶುರುವಾಗುತ್ತದೆ. ಹಾಗಲ್ಲ. ಗರ್ಭಕೋಶದ ಗೋಡೆಯೊಳಗೆ ಹುದುಗಿರುವ ಅಡಿನೋಮಯೋಸಿಸ್ ಹೊರಗಿನಿಂದ ನೋಡಿದರೆ ಗೊತ್ತಾಗದಿರಬಹುದು. ಅದಕ್ಕೆ ಒಳ್ಳೆಯ ಸ್ಕ್ಯಾನ್, ಇಲ್ಲವೇ ಎಂಆರ್‌ಐ ಬೇಕು. ಮೂತ್ರಕೋಶದ ನೋವು, ಕಿಬ್ಬೊಟ್ಟೆಯ ತಳದ ಸ್ನಾಯುಗಳ ಬಿಗಿತವೂ ಹೀಗೆಯೇ ಕಾಡುತ್ತವೆ.

ನಡುವೆ: ಮನೆಯಲ್ಲಿ ಮೊದಲ ದಿನಗಳು

ಹೆಗಲು ನೋಯುತ್ತದೆ. ಹೊಟ್ಟೆ ಉಬ್ಬಿಸಲು ತುಂಬಿದ ಕಾರ್ಬನ್ ಡೈಆಕ್ಸೈಡ್ ವಪೆಯನ್ನು ಕೆರಳಿಸುವುದರಿಂದ ಹೀಗಾಗುತ್ತದೆ, ಕೆಲವು ದಿನಗಳಲ್ಲಿ ಇಳಿಯುತ್ತದೆ. ಮೆಲ್ಲಗೆ ಓಡಾಡಿದರೆ ಒಳ್ಳೆಯದು. ನೀಲಿ ಬಣ್ಣ ಹಾಯಿಸಿದ್ದರೆ ಮೂತ್ರ ಹಸಿರೋ ನೀಲಿಯೋ ಬರಬಹುದು, ಹೆದರಬೇಡಿ. ಮೊದಲು ಕುಚ್ಚಲಕ್ಕಿ ಗಂಜಿ, ತಿಳಿಸಾರು, ಆಮೇಲೆ ನಿಧಾನಕ್ಕೆ ಮಾಮೂಲಿ ಊಟ. ಮಲಬದ್ಧತೆ ಬಿಡಬೇಡಿ, ಬೇಕಿದ್ದರೆ ಔಷಧಿ ಕೇಳಿ. ಬಾವಿಯಿಂದ ನೀರು ಸೇದುವುದು, ಕೊಡಪಾನ ಎತ್ತುವುದು ಡಾಕ್ಟರು ಹೇಳುವವರೆಗೆ ಬೇಡ. ಮೊದಲ ಮುಟ್ಟು ಹೆಚ್ಚುಕಮ್ಮಿಯಾಗಬಹುದು, ನೋವೂ ಇರಬಹುದು. ಅದೊಂದನ್ನೇ ಹಿಡಿದು ಆಪರೇಷನ್ ಫಲಿಸಲಿಲ್ಲ ಎನ್ನಬೇಡಿ.

ಇವಕ್ಕೆ ಮಾತ್ರ ಕಾಯಬೇಡಿ: 100.4 ಡಿಗ್ರಿ ದಾಟಿದ ಜ್ವರ, ದಿನದಿಂದ ದಿನಕ್ಕೆ ಏರುವ ಹೊಟ್ಟೆನೋವು, ನಿಲ್ಲದ ವಾಂತಿ, ಕಲ್ಲಿನಂತಾದ ಹೊಟ್ಟೆ, ಮೂತ್ರ ಕಟ್ಟುವುದು, ಹೊಲಿಗೆಯಿಂದ ಕೀವು, ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಉಸಿರಾಟದ ತೊಂದರೆ. ಕರುಳಿಗೋ ಮೂತ್ರನಾಳಕ್ಕೋ ಶಾಖ ತಾಗಿದ ತೊಂದರೆ ಕೆಲವು ದಿನ ಬಿಟ್ಟೂ ತಲೆ ಎತ್ತಬಹುದು. "ನಾಳೆ ನೋಡುವ, ಮಳೆ ಬರ್ತಾ ಉಂಟು" ಎಂದು ಮುಂದೂಡಬೇಡಿ. ರಾತ್ರಿಯಾದರೂ ಕ್ಯಾಶುವಾಲ್ಟಿಗೆ ಹೋಗಿ, ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ.

ಹಂತ 7: ಡಾಕ್ಟರ ಭೇಟಿಗೆ ಪ್ರಶ್ನೆ ಬರೆದುಕೊಂಡು ಹೋಗಿ

ಒಪಿಡಿಯಲ್ಲಿ ಸಿಗುವ ಹೊತ್ತು ಸ್ವಲ್ಪವೇ. ಚೀಟಿ ಇಲ್ಲದೆ ಹೋದರೆ ಮುಖ್ಯವಾದದ್ದೇ ಮರೆತುಹೋಗುತ್ತದೆ.

- ಕಂಡ ಕಾಯಿಲೆಯನ್ನೆಲ್ಲ ತೆಗೆದಿರಾ? ಉಳಿದದ್ದು ಎಲ್ಲಿ, ಯಾಕೆ?
- ಕರುಳು, ಮೂತ್ರನಾಳ, ವಪೆ ನೋಡಿದಿರಾ?
- ನನ್ನ ನೋವಿಗೆ ಕಂಡದ್ದರಲ್ಲಿ ಯಾವುದು ಕಾರಣ ಎಂದು ನಿಮಗನಿಸುತ್ತದೆ?
- ಅಡಿನೋಮಯೋಸಿಸ್ ಇದೆಯಾ?
- ಔಷಧಿ ಎಷ್ಟು ಕಾಲ? ನಿಲ್ಲಿಸುವುದು ಯಾವಾಗ?
- ಮಗು ಬೇಕೆಂದರೆ ಇಎಫ್‌ಐ ಅಂಕ ಎಷ್ಟು?

ಕೊನೆಯದರ ಬಗ್ಗೆ ಸ್ವಲ್ಪ ವಿವರ. ಇಎಫ್‌ಐ ಎಂಬುದು 2010ರಲ್ಲಿ ಪ್ರಕಟವಾದ 0ಯಿಂದ 10ರವರೆಗಿನ ಅಂಕ. ಆಪರೇಷನ್ ಆದ ಮೇಲೆ ಐವಿಎಫ್ ಇಲ್ಲದೆ ಗರ್ಭ ನಿಲ್ಲುವ ಸಾಧ್ಯತೆಯನ್ನು ಅಂದಾಜು ಮಾಡಲು ಬಳಸುತ್ತಾರೆ. ವಯಸ್ಸು, ಎಷ್ಟು ವರ್ಷದಿಂದ ಪ್ರಯತ್ನ, ಹಿಂದೆ ಗರ್ಭ ನಿಂತಿತ್ತೇ, ಆಪರೇಷನ್ ಮುಗಿದಾಗ ನಾಳ ಮತ್ತು ಅಂಡಾಶಯ ಎಷ್ಟು ಕೆಲಸಕ್ಕೆ ಬರುವಂತಿವೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಈ ಕೊನೆಯ ಭಾಗ ಹೇಳಬಲ್ಲವರು ಒಳಗೆ ನೋಡಿದ ಸರ್ಜನ್ ಒಬ್ಬರೇ. ವರುಷ ಕಳೆದು ಬೇರೆ ಡಾಕ್ಟರ ಹತ್ತಿರ ಹೋಗಿ ಕೇಳಿದರೆ ಸಿಗದು. ಈಗಲೇ ಬರೆಸಿಕೊಳ್ಳಿ. ಮತ್ತೆ, ಗಂಡನ ವೀರ್ಯ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಹೆಂಡತಿಗೆ ಆಪರೇಷನ್ನೇ ಆಗಿಹೋದರೂ ಇದೊಂದು ಆಗದೆ ಉಳಿದ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಹಂತ 8: ಔಷಧಿಯ ದಾರಿ

ಇಲ್ಲಿ ದಾರಿ ಎರಡಾಗುತ್ತದೆ. ಈಗಲೇ ಮಗು ಬೇಕೆನ್ನುವವರಿಗೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಿಸಲೆಂದು ಹಾರ್ಮೋನು ಔಷಧಿ ಕೊಡಬಾರದು ಎಂದು ಎಶ್ರೆ ಮಾರ್ಗಸೂಚಿ ಹೇಳುತ್ತದೆ. ಆ ಔಷಧಿ ಇರುವಾಗ ಮೊಟ್ಟೆ ಬಿಡುಗಡೆಯೇ ನಿಲ್ಲಬಹುದು, ಸುಮ್ನೆ ತಿಂಗಳುಗಳು ಹೋಗುತ್ತವೆ.

ಸದ್ಯಕ್ಕೆ ಮಗು ಬೇಡ ಎನ್ನುವವರಿಗೆ ಕಥೆ ಬೇರೆ. ಕಾಯಿಲೆ ಮರಳುವ ಸ್ವಭಾವದ್ದು. ಐದು ವರ್ಷದೊಳಗೆ ಹೆಚ್ಚುಕಮ್ಮಿ ಅರ್ಧದಷ್ಟು ಜನರಲ್ಲಿ ನೋವೋ ಸಿಸ್ಟೋ ಮತ್ತೆ ಬಂದದ್ದನ್ನು ಅಧ್ಯಯನಗಳು ತೋರಿಸಿವೆ. ಹಾಗಾಗಿ ಗರ್ಭನಿರೋಧಕ ಮಾತ್ರೆ, ದಿನಕ್ಕೆ 2 ಮಿ.ಗ್ರಾಂ. ಡೈನೋಜೆಸ್ಟ್ ಎಂಬ ಹಾರ್ಮೋನು ಮಾತ್ರೆ, ಅಥವಾ ಹಾರ್ಮೋನು ಇರುವ ಐಯುಡಿ (ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನ) ಕೊಡುತ್ತಾರೆ. ಮುಟ್ಟಿನ ನೋವು ಮರಳದಂತೆ ಗರ್ಭನಿರೋಧಕ ಮಾತ್ರೆ ಅಥವಾ ಹಾರ್ಮೋನು ಐಯುಡಿಯನ್ನು ಕನಿಷ್ಠ 18ರಿಂದ 24 ತಿಂಗಳು ಇಡಬಹುದು ಎಂಬುದು ಅದೇ ಮಾರ್ಗಸೂಚಿಯ ಮಾತು. ಡೈನೋಜೆಸ್ಟ್ ಶುರುವಿನಲ್ಲಿ ಆಗಾಗ ಸ್ವಲ್ಪ ಸ್ವಲ್ಪ ರಕ್ತ ಕಾಣಿಸುತ್ತದೆ. ಇದಕ್ಕೆ ಹೆದರಿ ಎರಡೇ ತಿಂಗಳಿಗೆ ಬಿಡುವವರು ಬಹಳ. ಮನಸ್ಸು ತೀರಾ ಕುಗ್ಗಿದರೆ, ತಲೆನೋವು ಬಂದರೆ ಹೇಳಿ, ಬದಲಿಸಬಹುದು. ದೀರ್ಘ ಕಾಲ ತೆಗೆದುಕೊಳ್ಳುವವರು ಮೂಳೆಯ ಬಲದ ಬಗ್ಗೆಯೂ ಕೇಳಿ.

"ಮದುವೆ ಮಾಡ್ಸಿ, ಒಂದು ಮಗು ಆದ್ರೆ ಎಲ್ಲ ಸರಿ ಆಗ್ತದೆ" ಎಂಬ ಸಲಹೆ ದೊಡ್ಡಮ್ಮ, ಚಿಕ್ಕಮ್ಮ, ನೆರೆಮನೆ ಎಲ್ಲ ಕಡೆಯಿಂದ ಬರುತ್ತದೆ. ಬಸುರಿಯಾದಾಗ ಮುಟ್ಟು ನಿಂತು ಕೆಲವರಿಗೆ ನೋವು ಇಳಿಯುತ್ತದೆ, ಅಷ್ಟೇ. ಅದು ಚಿಕಿತ್ಸೆಯಲ್ಲ. ಹುಡುಗಿಯ ಮದುವೆ ನಿರ್ಧಾರ ಈ ಫೈಲಿನಿಂದ ಆಗಬೇಕಾದದ್ದೂ ಅಲ್ಲ.

ನೋವು ಮತ್ತೆ ಬಂದರೆ

ಈಗಿನಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಯಾವ ದಿನ, ಎಲ್ಲಿ, ಹತ್ತರಲ್ಲಿ ಎಷ್ಟು, ಮುಟ್ಟಿನ ಎಷ್ಟನೇ ದಿನ, ಯಾವ ಮಾತ್ರೆಗೆ ಇಳಿಯಿತು. ಆಮೇಲೆ ಹಂತ 5ರಲ್ಲಿ ಗೀಟು ಬೀಳದೆ ಉಳಿದ ಪಟ್ಟಿಯ ಪಕ್ಕ ಇಡಿ. ನೋವು ಬಿಟ್ಟ ಜಾಗದಲ್ಲೇ ಇದೆಯೋ ಹೊಸ ಕಡೆಯೋ ಎಂದು ಡಾಕ್ಟರಿಗೆ ಗೊತ್ತಾದರೆ ಮಾತು ಬೇಗ ಮುಂದುವರಿಯುತ್ತದೆ.

ಸಿಸ್ಟ್ ಮರಳಿದೆಯೇ ಎಂದು ನೋಡಲು ಸ್ಕ್ಯಾನ್ ಸಾಕು. ಮದುವೆಯಾಗದವರಿಗೆ ಇಲ್ಲಿ ಸಾಮಾನ್ಯವಾಗಿ ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನ್ ಮಾತ್ರ ಮಾಡುತ್ತಾರೆ. ಆಳದ ಕಾಯಿಲೆ ಅದರಲ್ಲಿ ತಪ್ಪಿಹೋಗಬಹುದು, ಅನುಮಾನವಿದ್ದರೆ ಎಂಆರ್‌ಐ ಕೇಳಿ. ಸಿಎ-125 ರಕ್ತಪರೀಕ್ಷೆ ಒಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ, ಮುಟ್ಟಿನ ದಿನಗಳಲ್ಲೂ ಅದು ಏರುತ್ತದೆ.

ನೋವು ಬಂತೆಂದು ಕೂಡಲೇ ಇನ್ನೊಂದು ಆಪರೇಷನ್ನಿಗೆ ಒಪ್ಪಬೇಡಿ. ಪ್ರತಿ ಸಲವೂ ಅಂಡಾಶಯಕ್ಕೆ ಪೆಟ್ಟು ಬೀಳಬಹುದು, ಹೊಸ ಅಂಟುಗಳಾಗಬಹುದು. ಔಷಧಿ ಬದಲಿಸುವುದು, ಕಿಬ್ಬೊಟ್ಟೆ ಸ್ನಾಯುಗಳಿಗೆ ಫಿಸಿಯೋಥೆರಪಿ, ನೋವಿನ ತಜ್ಞರ ಸಲಹೆ ಮೊದಲು ನೋಡಬೇಕಾದ ದಾರಿಗಳು. ಮೂತ್ರನಾಳ ಅಡಚಿ ಕಿಡ್ನಿ ಊದಿಕೊಂಡಿದ್ದರೆ, ಕರುಳು ಕಟ್ಟುತ್ತಿದ್ದರೆ ಮಾತ್ರ ತಡಮಾಡುವಂತಿಲ್ಲ.

ಬೇರೆ ಸರ್ಜನ್ ಅಭಿಪ್ರಾಯ ಬೇಕೆನಿಸಿದರೆ ಆಪರೇಷನ್ ನೋಟ್, ವಿಡಿಯೋ, ಹಳೆಯ ಸ್ಕ್ಯಾನ್ ಜೊತೆಗೆ ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ಚೂರು) ಕೂಡ ಕೇಳಿ ಪಡೆಯಬಹುದು. ಅದಕ್ಕೆ ಪೆಥಾಲಜಿ ವಿಭಾಗಕ್ಕೆ ಪ್ರತ್ಯೇಕ ಅರ್ಜಿ ಕೊಡಿ. ಅರ್ಜಿಯಲ್ಲಿ ಬರೆಯಬೇಕಾದ ಬಯಾಪ್ಸಿ ನಂಬರ್ ವರದಿಯ ಮೇಲ್ಗಡೆ, ನಿಮ್ಮ ಹೆಸರಿನ ಹತ್ತಿರವೇ ಇರುತ್ತದೆ.